ಆಂಪಿನ ಮುಂದ ಚಂದ, ರೆಕಾರ್ಡಿಂಗಿನ್ಯಾಗ ಜೇನುಹುಳ: ಯಾಕ?

ಪ್ರಶ್ನೆ (ಬಾಗಲಕೋಟೆ, ವಿದ್ಯಾಗಿರಿ): ನಮಸ್ಕಾರ ಸರ್. ನನ್ನ ಎಲೆಕ್ಟ್ರಿಕ್ ಗಿಟಾರಿಗೆ 15 ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್ (ಧ್ವನಿ ಜೋರ ಮಾಡೋ ಡಬ್ಬಿ), 8 ಇಂಚಿನ ಸ್ಪೀಕರ್. ಮೈಕ್ ಶೂರ್ ಎಸ್‌ಎಂ 57, ಗ್ರಿಲ್ಲಿನ ನಟ್ಟನಡುವ ಹಚ್ಚಿ ಇಟ್ಟೀನಿ. ಖೋಲಿಯೊಳಗ ಡಿಸ್ಟಾರ್ಶನ್ (ಬೇಕಂತ ಒರಟು ಮಾಡಿದ ಧ್ವನಿ) ದಪ್ಪಗ, ಚಂದ ಕೇಳ್ತೈತಿ. ಹೆಡ್‌ಫೋನಿನ್ಯಾಗ ಜೇನುಹುಳ ಗುಂಯ್‌ಗುಟ್ಟಿದಂಗ. ಇಕ್ಯೂ (ಚೂಪು-ದಪ್ಪ ಧ್ವನಿ ಏರಿಸಿ ಇಳಿಸೋದು) ಎಷ್ಟು ತಿರುವಿದ್ರೂ ಹೋಗವಲ್ದು. ಮೈಕ್ ಬದಲಿ ಮಾಡ್ಲೇನ್ರಿ?

ಉತ್ತರ (ಬೆಳಗಾವಿ, ರೆಕಾರ್ಡಿಂಗ್ ಎಂಜಿನಿಯರ್): ಬ್ಯಾಡ್ರಿ. 1965ರಾಗ ಬಂದ ಮೈಕ್ ಅದು, ಇವತ್ತಿಗೂ ಸ್ಟುಡಿಯೋದಾಗ ಗಿಟಾರ್ ಆಂಪಿನ ಮುಂದ ಅದನ್ನ ಇಡ್ತಾರ. ತಪ್ಪಿರೂದು ಜಾಗದಾಗ. ಗಿಟಾರ್ ಸ್ಪೀಕರ್ ಚೂಪು ಧ್ವನಿಯನ್ನ ಬ್ಯಾಟರಿ ಬೆಳಕಿನಂಗ ನೆಟ್ಟಗ ಮುಂದಕ್ಕ ಬಿಡ್ತೈತಿ. ಆಂಪ್ ನೆಲದ ಮ್ಯಾಲೆ, ನೀವು ನಿಂತಿರ್ತೀರಿ. ಆ ಚೂಪು ಮೊಣಕಾಲಿಗೆ ಬಡೀತೈತಿ, ಕಿವಿಗೆ ಬರೂದು ಕಡಿಮಿ. ಸಾಲವಲ್ದು ಅಂತ ಟ್ರೆಬಲ್ (ಚೂಪು ಧ್ವನಿಯ ನಾಬ್) ಏರಿಸ್ತೀರಿ. ಮೈಕ್ ಎದುರಿಗೇ ಕುಂತಿರ್ತೈತಿ, ಅಷ್ಟೂ ಹಿಡೀತೈತಿ.

ಅದಕ್ಕ ಮೊದಲ ಆಂಪನ್ನ ಕುರ್ಚಿ ಮ್ಯಾಲೆ ಇಡ್ರಿ. ನಾಕು ಫೂಟು ದೂರ, ಕಿವಿ ಸ್ಪೀಕರಿನ ಮಟ್ಟಕ್ಕ ಬರೂಹಂಗ ಕುಂತು ಟ್ರೆಬಲ್ ಮತ್ತ ಗೇನ್ (ಡಿಸ್ಟಾರ್ಶನ್ ಎಷ್ಟು ಅನ್ನೋ ನಾಬ್) ಹೊಸದಾಗಿ ಹೊಂದಿಸ್ರಿ. ಫರ್ಸಿ ನೆಲದಿಂದ ಕೂಡಿಕೊಳ್ಳೋ ಬೇಸೂ ಇದರಿಂದ ಕಡಿಮಿ ಆಗ್ತೈತಿ.

ಆಮ್ಯಾಲೆ ಗ್ರಿಲ್ಲಿನ ಬಟ್ಟಿ ಮ್ಯಾಲೆ ಬ್ಯಾಟರಿ ಹಿಡೀರಿ. ಕೋನಿನ (ಸ್ಪೀಕರಿನ ಅಲುಗಾಡೋ ಭಾಗ) ನಡುವ ಗುಂಡನ ಡಸ್ಟ್ ಕ್ಯಾಪ್ ಕಾಣ್ತೈತಿ. ಅದರ ಅಂಚು ಕೋನಿಗೆ ಕೂಡೋ ಜಾಗಕ್ಕ ಸಣ್ಣ ಟೇಪ್ ಹಚ್ಚಿ, ಮೈಕ್ ಅಲ್ಲಿಗೆ ನೆಟ್ಟಗ, ಬಟ್ಟಿಯಿಂದ 1 ಇಂಚು ಬಿಟ್ಟು ಇಡ್ರಿ. ನಡುವಿಂದ ಹೊರಗ ಸರಿಸಿದಂಗ ಚೂಪು ಇಳೀತೈತಿ, ಮೈ ತುಂಬ್ತೈತಿ. 8 ಇಂಚಿನ ಸ್ಪೀಕರಿನ್ಯಾಗ ಅರ್ಧ ಇಂಚು ಅಂದ್ರ ಭಾಳ ದೂರ. ಅರ್ಧರ್ಧ ಇಂಚಿಗೆ ಒಂದರಂಗ ನಾಕು ಜಾಗದಾಗ ಅದ ರಿಫ್ (ಮತ್ತ ಮತ್ತ ಬರೋ ಸಣ್ಣ ಸ್ವರದ ತುಣುಕು) 10 ಸೆಕೆಂಡ್ ರೆಕಾರ್ಡ್ ಮಾಡ್ರಿ. ಹೋಲಿಸೂಮುಂದ ನಾಕರದ್ದೂ ಲೆವೆಲ್ ಸಮ ಇರ್ಲಿ, ಇಲ್ಲಂದ್ರ ಜೋರಿದ್ದದ್ದ ಚಂದ ಅನಸ್ತೈತಿ. ಈ ಮೈಕ್ ಹತ್ತಿರ ಹೋದಷ್ಟು ಬೇಸ್ ಉಬ್ಬಿಸ್ತೈತಿ. ಬೇಸ್ ನಾಬ್ ಗಡಿಯಾರದ 10ರ ಜಾಗಕ್ಕ ತರ್ರಿ, ಆದ್ರೂ ಗುಮ್ಮ ಅಂದ್ರ ಮೈಕ್ 2-3 ಇಂಚು ಹಿಂದಕ್ಕ.

ಗೇನ್ ಮೂರರಾಗ ಒಂದು ಪಾಲು ಇಳಿಸ್ರಿ. ದಪ್ಪ ಬೇಕಂದ್ರ ಅದ ಭಾಗ ಎರಡು ಸಲ ಬಾರಿಸಿ ಒಂದನ್ನ ಎಡಕ್ಕ, ಒಂದನ್ನ ಬಲಕ್ಕ ಹಾಕ್ರಿ. ಒಂದ ಟೇಕನ್ನ ಕಾಪಿ ಮಾಡಿ ಎರಡೂ ಕಡೆ ಇಟ್ರ ಅಗಲ ಆಗಂಗಿಲ್ಲ, ಜೋರಷ್ಟ ಆಗ್ತೈತಿ. ರೆಕಾರ್ಡಿಂಗ್ 24 ಬಿಟ್, ಪೀಕ್ (ಮೀಟರಿನ್ಯಾಗ ಎಲ್ಲಕ್ಕಿಂತ ಜೋರಿನ ಮಟ್ಟ) ಮೈನಸ್ 12 ಡಿಬಿ ಸುತ್ತಮುತ್ತ ಸಾಕು. ಇಕ್ಯೂ ಕಡೀಕ: ಕೆಳಗ 80 ಹರ್ಟ್ಸ್‌ಗೆ ಕತ್ತರಿಸ್ರಿ (ದಪ್ಪ ತಂತಿ ಶುರು ಆಗೂದ 82ಕ್ಕ), ಮ್ಯಾಲೆ 8ರಿಂದ 10 ಕಿಲೋಹರ್ಟ್ಸ್ ನಡುವ.

ಪ್ರಶ್ನೆ (ಅದ ಬಾಗಲಕೋಟೆಯವರು): ಗುಂಯ್ ಹೋತ್ರಿ ಸರ್! ಆದ್ರ ಬಾರಿಸದ ಇದ್ದಾಗ ಹೂಂ ಅನ್ನೂದು ಐತಿ. ಕರೆಂಟ್ ಹೋಗಿ ಇನ್ವರ್ಟರ್ ಮ್ಯಾಲೆ ಬಂದ್ರ ಇನ್ನೂ ಜಾಸ್ತಿ. ಖೋಲಿ 10 ಬೈ 10, ಅದರ ಗೊಂಯ್ ಅನ್ನೂದಕ್ಕ ಏನ್ ಮಾಡೂದು?

ಉತ್ತರ: ಖೋಲಿಗೆ ಎರಡು ಕೌದಿ ಸಾಕು. ಒಂದು ಮೈಕಿನ ಬೆನ್ನ ಹಿಂದ ಹಗ್ಗಕ್ಕ ಇಳಿಬಿಡ್ರಿ, ಒಂದು ಆಂಪಿನ ಮುಂದ ಹಾಸ್ರಿ. ಮೈಕ್ ಇಷ್ಟು ಹತ್ತಿರ ಇದ್ದಾಗ ಖೋಲಿ ಕೇಳೂದ ಕಡಿಮಿ, ಅದಕ್ಕ ಭಾಳ ರೊಕ್ಕ ಹಾಕಬ್ಯಾಡ್ರಿ.

ಹೂಂಗೆ ಮೊದಲ ಮೂಲ ಹುಡುಕಬೇಕು. ಗಿಟಾರಿನ ವಾಲ್ಯೂಮ್ ಸೊನ್ನಿ ಮಾಡ್ರಿ. ಸದ್ದು ನಿಂತ್ರ ಅದು ಪಿಕಪ್ಪಿಂದ (ತಂತಿ ಕೆಳಗ ಧ್ವನಿ ಹಿಡಿಯೋ ಸುರುಳಿ). ನಿಲ್ಲಲಿಲ್ಲಂದ್ರ ಕೇಬಲ್, ಆಂಪ್ ಇಲ್ಲಾ ಕರೆಂಟಿಂದ. ಪಿಕಪ್ಪಿಂದಂದ್ರ ಕುಂತಲ್ಲೇ ಮೆಲ್ಲಕ ತಿರುಗ್ರಿ. ಸಿಂಗಲ್ ಕಾಯಿಲ್ (ಒಂದ ಸುರುಳಿಯ) ಪಿಕಪ್ ಆಂಟೆನಾದಂಗ. ಒಂದು ದಿಕ್ಕಿಗೆ ಸದ್ದು ಭಾಳ ಇಳೀತೈತಿ, ಆ ದಿಕ್ಕಿಗೆ ಕುಂತು ಬಾರಿಸ್ರಿ. ಲ್ಯಾಪ್‌ಟಾಪ್ ಚಾರ್ಜರ್ ತಗದು ಬ್ಯಾಟರಿ ಮ್ಯಾಲೆ ರೆಕಾರ್ಡ್ ಮಾಡ್ರಿ, ಡಿಮ್ಮರ್ ಹಚ್ಚಿದ ಲೈಟ್ ಆರಿಸ್ರಿ. ಇನ್ವರ್ಟರ್ ಸ್ಕ್ವೇರ್ ವೇವ್ ಇದ್ರ ಆ ಕರ್ರ್ ಅನ್ನೂದನ್ನ ಯಾವ ಸಾಫ್ಟ್‌ವೇರೂ ಸ್ವಚ್ಛ ತಗಿಯಂಗಿಲ್ಲ, ಕರೆಂಟ್ ಬರೂತನಕ ಕಾಯ್ರಿ. ಅರ್ಥಿಂಗ್ ಪಿನ್ ತಗದ್ರ ಸದ್ದು ಹೋಗ್ತೈತಿ ಅಂತ ಯಾರರ ಹೇಳಿದ್ರ ದಯವಿಟ್ಟು ಕೇಳಬ್ಯಾಡ್ರಿ. ತಂತಿ ಮುಟ್ಟಿದ ಕೈಗೆ 230 ವೋಲ್ಟ್ ಬಡಿಯೋ ದಾರಿ ಅದು.

ಪ್ರಶ್ನೆ (ವಿಜಯಪುರ): ಸರ್, ನಂದು ವಾಲ್ವ್ ಆಂಪ್ (ಟ್ರಾನ್ಸಿಸ್ಟರ್ ಬದಲಿ ಗಾಜಿನ ವಾಲ್ವ್ ಇರೋದು), ರಾತ್ರಿ ಬಾಜೂಮನಿಯವರಿಗೆ ತ್ರಾಸ. ಸ್ಪೀಕರ್ ವೈರ್ ತಗದು ಅಲ್ಲಿಂದ ಸೀದಾ ಇಂಟರ್ಫೇಸಿಗೆ (ಧ್ವನಿಯನ್ನ ಕಂಪ್ಯೂಟರಿಗೆ ಒಯ್ಯೋ ಡಬ್ಬಿ) ಕೊಡಬಹುದೇನ್ರಿ?

ಉತ್ತರ: ಎಂದೂ ಕೊಡಬ್ಯಾಡ್ರಿ! ಸ್ಪೀಕರ್ ಇಲ್ಲದ ವಾಲ್ವ್ ಆಂಪ್ ನಡಿಸಿದ್ರ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ್ಯಾಗ ವೋಲ್ಟೇಜ್ ಏರಿ ಅದರ ಸುತ್ತೇ ಸುಡಬಹುದು, ಇಂಟರ್ಫೇಸ್ ಇನ್‌ಪುಟ್ಟೂ ಹೋಗ್ತೈತಿ. ಸ್ಪೀಕರ್ ಜಾಗಕ್ಕ ಲೋಡ್ ಬಾಕ್ಸ್ (ಸದ್ದಿಲ್ಲದ ಆಂಪಿನ ಶಕ್ತಿ ತಗೊಳ್ಳೋ ಡಬ್ಬಿ) ಬೇಕು: ಆಂಪಿನ ಹಿಂದ ಬರದ ಓಮ್ 8 ಇದ್ರ 8, 16 ಇದ್ರ 16, ತಾಳೋ ವ್ಯಾಟ್ ಆಂಪಿನ ಎರಡರಷ್ಟು ಇದ್ರ ಛಲೋ, ಯಾಕಂದ್ರ ಗೇನ್ ಏರಿಸಿದಾಗ ಆಂಪ್ ಬರದದ್ದಕ್ಕಿಂತ ಹೆಚ್ಚು ಕೊಡ್ತೈತಿ. ಲೋಡ್ ಬಾಕ್ಸಿನ ಲೈನ್ ಔಟನ್ನ ಇಂಟರ್ಫೇಸಿನ ಲೈನ್ ಇನ್‌ಪುಟ್ಟಿಗೆ ಕೊಡ್ರಿ, ಗಿಟಾರ್ ಇನ್‌ಪುಟ್ಟಿಗಲ್ಲ. ಹಂಗ ಕೇಳಿದ್ರ ಕಬ್ಬಿಣ ತಿಕ್ಕಿದಂಗ ಇರ್ತೈತಿ, ಗಾಬರಿ ಆಗಬ್ಯಾಡ್ರಿ. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ಮ್ಯಾಲಿಂದನ್ನ ತಾನ ತಡೀತಿತ್ತು, ಈಗ ಅದು ಇಲ್ಲ. ಕಂಪ್ಯೂಟರಿನ್ಯಾಗ ಕ್ಯಾಬಿನೆಟ್ ಐಆರ್ (ಇಂಪಲ್ಸ್ ರೆಸ್ಪಾನ್ಸ್, ಸ್ಪೀಕರ್ ಡಬ್ಬಿಯ ಧ್ವನಿ ಗುಣದ ನಕಲು) ಫೈಲ್ ಹಾಕಿದ್ರ ಆ ಕೆಲಸ ಅದು ಮಾಡ್ತೈತಿ. ಲೋಡ್ ಬಾಕ್ಸಿನ್ಯಾಗ ಸ್ಪೀಕರ್ ಸಿಮ್ಯುಲೇಶನ್ ಇದ್ರ ಬಂದ್ ಇಡ್ರಿ, ಎರಡೂ ಕೂಡಿದ್ರ ಕಂಬಳಿ ಹೊದಿಸಿದಂಗ ಮಂದ ಆಗ್ತೈತಿ. ಆಂಪಿಂದ ಲೋಡ್ ಬಾಕ್ಸಿಗೆ ಗಿಟಾರ್ ಕೇಬಲ್ ನಡಿಯಂಗಿಲ್ಲ, ಸ್ಪೀಕರ್ ಕೇಬಲ್ಲೇ ಬೇಕು.