ಪದಚರ್ಚೆ: 18 ದಾಟಿದ ಮಗನಿಗೆ ತಾಯಿ ‘ಪಾಲಕಿ’ಯೇ, ‘ಪೋಷಕಿ’ಯೇ?

ಬಳಗದ ಎಲ್ಲರಿಗೂ ಬೀದರ್‌ನಿಂದ ನಮಸ್ಕಾರ.

ವಯಸ್ಕರೊಬ್ಬರ ‘ಗಾರ್ಡಿಯನ್’ ಆದವರನ್ನು ಕನ್ನಡದಲ್ಲಿ ಏನೆನ್ನಬೇಕು? ನಮ್ಮ ಓಣಿಯ ತಾಯಿಯೊಬ್ಬರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಆಟಿಸಂನಂಥ ಅಂಗವೈಕಲ್ಯ ಇರುವವರಿಗಾಗಿ ನಡೆಸುವ ‘ನಿರಾಮಯ’ ಆರೋಗ್ಯ ವಿಮೆಯ ವಿವರಗಳನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಮಗನಿಗೆ ಆಟಿಸಂ, ಕಾಗದದ ಭಾಷೆಯಲ್ಲಿ ಸ್ವಲೀನತೆ. ಗಡ್ಡ ಮೀಸೆ ಬಂದ ಹುಡುಗ. ನಿರಾಮಯಕ್ಕೆ ವಯಸ್ಸಿನ ಮಿತಿಯಿಲ್ಲ, ಮುಂಚಿತ ವೈದ್ಯಕೀಯ ತಪಾಸಣೆಯಿಲ್ಲ, 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಥೆರಪಿಯ ಖರ್ಚೂ ಅದರೊಳಗೆ ಬರುತ್ತದೆ. ಇಷ್ಟನ್ನು ಬರೆಯಲು ಕಷ್ಟವಾಗಲಿಲ್ಲ. ಬ್ಯಾಂಕ್ ಖಾತೆ, ಸಹಿ ಎಂಬಲ್ಲಿಗೆ ಬಂದಾಗ ‘ಗಾರ್ಡಿಯನ್’ಗೆ ಪದ ಸಿಗದೆ ಲೇಖನಿ ನಿಂತಿತು.

ನಮ್ಮ ಕಡೆಯ ಶಾಲೆಗಳಲ್ಲಿ ನಡೆಯುವುದು ‘ಪಾಲಕರ ಸಭೆ’, ಮೈಸೂರು ಕಡೆ ‘ಪೋಷಕರ ಸಭೆ’. ಎರಡೂ ಮಾತಿಗೆ ಮನಸ್ಸಿಗೆ ಬರುವವರು ಹೆತ್ತವರೇ. ‘ಹೆತ್ತವಳು ನಾನು, ಪಾಲಕಿಯೂ ನಾನೇ, ಅದಕ್ಕೆ ಬೇರೆ ಆದೇಶ ಏಕೆ?’ ಎಂದು ಆ ತಾಯಿ ಕೇಳಿದರು. ಕನ್ನಡದ ಮಟ್ಟಿಗೆ ಅವರ ವಾದಕ್ಕೆ ಎದುರಿಲ್ಲ. ಆದರೆ ಮಗನಿಗೆ 18 ತುಂಬಿದ ಮೇಲೆ ಕಾನೂನಿನ ಕಣ್ಣಿಗೆ ಹೆತ್ತವರು ತಾವಾಗಿಯೇ ಗಾರ್ಡಿಯನ್ ಅಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ 14ನೆಯ ಕಲಮಿನಂತೆ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ಗಾರ್ಡಿಯನ್ ಅಗತ್ಯವೇ, ಅಗತ್ಯವಿದ್ದರೆ ಯಾವ ಯಾವ ಕೆಲಸಕ್ಕೆ ಎಂಬುದನ್ನು ಸಮಿತಿ ನೋಡುತ್ತದೆ. ಎಂದರೆ ಇದು ಇಡೀ ಬದುಕಿನ ಯಜಮಾನಿಕೆಯಲ್ಲ, ಗೊತ್ತುಪಡಿಸಿದ ಕೆಲಸಗಳ ಹೊಣೆ.

ಈ ಅರ್ಥ ಯಾವ ಪದದಲ್ಲಿದೆ? ‘ರಕ್ಷಕ’ ಎಂದರೆ ಹುಡುಗನನ್ನು ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ಕೇಳಿಸುತ್ತದೆ. ‘ಹೊಣೆಗಾರ’ ಎಂದರೆ ಸೊಸೈಟಿ ಸಾಲದ ಜಾಮೀನು ನೆನಪಾಗಿ ಜನ ಹಿಂಜರಿಯುತ್ತಾರೆ. ‘ವಾರಸುದಾರ’ ಆಸ್ತಿಗೆ ಸಂಬಂಧಿಸಿದ್ದು, ಇಲ್ಲಿ ಸಲ್ಲದು. ಇಲ್ಲಿನ ಉರ್ದು ಬಲ್ಲ ಹಿರಿಯರು ‘ಸರ್‌ಪರಸ್ತ್’ ಎನ್ನುತ್ತಾರೆ. ಗೌರವವಿದೆ, ಆದರೆ ಕನ್ನಡದ ಅರ್ಜಿಯಲ್ಲಿ ಎಷ್ಟು ಜನಕ್ಕೆ ತಿಳಿದೀತು? ಗಡಿಯಾಚೆಯ ಮರಾಠಿ ಸಾತ್-ಬಾರಾ ಉತಾರದಲ್ಲಿ (ನಮ್ಮ ಪಹಣಿಯಂಥ ಜಮೀನಿನ ದಾಖಲೆ) ‘ಅ.ಪಾ.ಕ.’ ಎಂದಿರುತ್ತದೆ, ‘ಅಜ್ಞಾನ ಪಾಲನ ಕರ್ತಾ’. ಅಲ್ಲಿ ಅಜ್ಞಾನ ಎಂದರೆ ಪ್ರಾಯಕ್ಕೆ ಬಾರದವನು. ಭಾಲ್ಕಿ, ಔರಾದ್ ಕಡೆಯವರಿಗೆ ಈ ಕಾಗದ ಹೊಸತಲ್ಲ. ಆದರೆ ಬೆಳೆದ ಆಟಿಸಂ ಹುಡುಗನ ಹೆಸರಿನ ಪಕ್ಕ ‘ಅಜ್ಞಾನ’ ಬರೆಯಲು ನನ್ನ ಕೈಯಂತೂ ಏಳದು.

ಸದ್ಯಕ್ಕೆ ‘ನೇಮಿತ ಪಾಲಕ’ ಎಂದು ಬರೆದಿದ್ದೇನೆ. ‘ನೇಮಿತ’ ಎಂಬುದರಿಂದ ಆದೇಶವೊಂದು ಇದೆ ಎಂದಾದರೂ ತಿಳಿಯುತ್ತದೆ. ಕೆಲಸಗಳ ಮಿತಿಯೂ ಸೂಚಿತವಾಗುವ ಪದ ಹಳೆಯ ಮೈಸೂರಿನ ಕೋರ್ಟ್ ಕಾಗದಗಳಲ್ಲೋ ಕರಾವಳಿಯ ದಸ್ತಾವೇಜುಗಳಲ್ಲೋ ಇದ್ದರೆ ತಿಳಿಸಿ.

ಜೊತೆಗೆ ಇನ್ನೊಂದು. ಗಾರ್ಡಿಯನ್ ಯಾರಿಗೋ ಅವರನ್ನು ಏನೆನ್ನುವುದು? ಮರಾಠಿಯಲ್ಲಿ ‘ಪಾಲ್ಯ’ ಇದೆ. ನಮ್ಮ ಅರ್ಜಿಗಳ ‘ಆಶ್ರಿತ’ ನನಗೆ ಒಗ್ಗುವುದಿಲ್ಲ. ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವ ಹುಡುಗನಾತ.