ರಿಮೋಟ್ ಲಾಕ್ ಹಾಕಿಸಿದ ಮೇಲೆ ವ್ಯಾಗನ್ ಆರ್ ಸೆಲ್ಫ್ ಹೊಡೆಯುತ್ತಿಲ್ಲ, ತಳ್ಳಿದರೆ ಸ್ಟಾರ್ಟ್ ಆಗುತ್ತೆ

ತುಂಗಾತೀರ:

ಗಾಡಿ 2011ರ ವ್ಯಾಗನ್ ಆರ್, ಪೆಟ್ರೋಲ್, ಕ್ಲಚ್ ಗೇರಿನದ್ದು. ಹೊರಗಿನ ಅಂಗಡಿಯಲ್ಲಿ ಸೆಂಟ್ರಲ್ ಲಾಕ್, ಸೈರನ್, ಎಂಜಿನ್ ಕಟ್ ಎಲ್ಲ ಸೇರಿರುವ ರಿಮೋಟ್ ಕಿಟ್ ಹಾಕಿಸಿದೆ. ಅದಕ್ಕೆ ಸ್ಟೀರಿಂಗ್ ಕೆಳಗಿನ ಕವರ್ ಬಿಚ್ಚಿದ್ದರು, ಬ್ಯಾಟರಿ ನೆಗೆಟಿವ್ ಕೂಡ ತೆಗೆದಿದ್ದರು. ಅವತ್ತು ಸರಿಯಿತ್ತು. ಮಾರನೇ ದಿನದಿಂದ ಕೀ ತಿರುಗಿಸಿದರೆ ಬಾನೆಟ್ ಕಡೆಯಿಂದ ಸಣ್ಣಗೆ ಟಿಕ್ ಅನ್ನುತ್ತೆ, ಸೆಲ್ಫ್ ಹೊಡೆಯಲ್ಲ. ನಾಲ್ಕೈದು ಸಲ ತಿರುಗಿಸಿದರೆ ಯಾವಾಗಲೋ ಒಮ್ಮೆ ಹೊಡೆಯುತ್ತೆ. ಎರಡನೇ ಗೇರಿಗೆ ಹಾಕಿ ತಳ್ಳಿದರೆ ತಕ್ಷಣ ಸ್ಟಾರ್ಟ್. ಬ್ಯಾಟರಿ 12.5 ವೋಲ್ಟ್ ತೋರಿಸುತ್ತಿದೆ. ಅಂಗಡಿಯವರು ಸೆಲ್ಫ್ ಮೋಟರ್ ಹೋಗಿದೆ, ಹೊಸದು ಹಾಕಿಸಿ ಅಂತಿದ್ದಾರೆ. ಮಲ್ಟಿಮೀಟರ್ ಇದೆ, ಹಿಡಿಯೋಕೂ ಬರುತ್ತೆ. ಎಲ್ಲಿಂದ ಶುರು ಮಾಡಲಿ?

ತಾಮ್ರದ ತಂತಿ:

ಸೆಲ್ಫ್ ಮೋಟರಿಗೆ ಈಗಲೇ ದುಡ್ಡು ಹಾಕಬೇಡಿ ಸರ್. ತಳ್ಳಿದರೆ ತಕ್ಷಣ ಸ್ಟಾರ್ಟ್ ಆಗುತ್ತೆ ಅಂದರೆ ಪೆಟ್ರೋಲ್ ಪಂಪ್, ಸ್ಪಾರ್ಕ್, ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್), ಇಮೊಬಿಲೈಸರ್ (ಸರಿಯಾದ ಕೀ ಇಲ್ಲದಿದ್ದರೆ ಎಂಜಿನ್ ಹತ್ತದಂತೆ ತಡೆಯೋ ವ್ಯವಸ್ಥೆ) ಎಲ್ಲಾ ಸರಿಯಿದೆ. ಉಳಿದಿದ್ದು ಸೆಲ್ಫ್ ಸರ್ಕ್ಯೂಟ್ ಒಂದೇ.

ಮೊದಲು ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿ. ಲೈಟ್ ಪೂರ್ತಿ ಕುಂದಿದರೆ ಬ್ಯಾಟರಿ ಅಥವಾ ದಪ್ಪ ಕೇಬಲ್. ನೆಗೆಟಿವ್ ಕ್ಲಾಂಪ್ ತೆಗೆದು ಹಾಕಿದ್ದಾರಲ್ಲ, ಅದು ಸಡಿಲ ಕೂತಿದ್ದರೂ ಇದೇ ಆಗೋದು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಸೀಸದ ಕಂಬದ ಮೇಲೆ, ಇನ್ನೊಂದು ಅದನ್ನು ಹಿಡಿದಿರುವ ಕ್ಲಾಂಪಿನ ಮೇಲೆ ಇಟ್ಟು ಕೀ ತಿರುಗಿಸಿ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಬಿಚ್ಚಿ, ಉಜ್ಜಿ, ಬಿಗಿ ಮಾಡಿ.

ಲೈಟ್ ಕುಂದದೇ ಇದ್ದರೆ ಮೋಟರ್ ಕರೆಂಟನ್ನೇ ಎಳೆಯುತ್ತಿಲ್ಲ. ಆಗ ಸೆಲ್ಫ್ ಮೋಟರ್ ಹತ್ತಿರ ಹೋಗಿ. ದಪ್ಪ ಕೇಬಲ್ ನೇರ ಬ್ಯಾಟರಿಯಿಂದ ಬಂದಿರುತ್ತೆ, ಅದನ್ನು ಮುಟ್ಟಬೇಡಿ. ಪಕ್ಕದಲ್ಲೇ ಸೊಲೆನಾಯ್ಡಿಗೆ (ಮೋಟರಿಗೆ ದಪ್ಪ ಕೇಬಲಿನ ಕರೆಂಟ್ ಬಿಡೋ ವಿದ್ಯುತ್‌ಕಾಂತದ ಸ್ವಿಚ್) ಒಂದು ತೆಳು ವೈರ್ ಬರುತ್ತೆ, ಅದೇ ಎಸ್ ಟರ್ಮಿನಲ್. ಕೀ ಸ್ಟಾರ್ಟಿಗೆ ಬಂದಾಗ ಮಾತ್ರ ಅದರಲ್ಲಿ 12 ವೋಲ್ಟ್ ಬರಬೇಕು. ವೈರ್ ಬಿಚ್ಚಿ ಒಮ್ಮೆ, ಸಿಕ್ಕಿಸಿಟ್ಟು ಒಮ್ಮೆ ಅಳೆಯಿರಿ. ಎರಡೂ ಬೇಕು, ಒಂದನ್ನೇ ನೋಡಿ ಮುಗಿಸಬೇಡಿ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು ಇರಲೇಬೇಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸೋ ಪರೀಕ್ಷೆ ದಯವಿಟ್ಟು ಬೇಡ. ಗೇರಿನಲ್ಲಿದ್ದರೆ ಗಾಡಿ ನಿಮ್ಮ ಮೇಲೇ ಬರುತ್ತೆ.

ತುಂಗಾತೀರ:

ಹೆಡ್‌ಲೈಟ್ ಸ್ವಲ್ಪವೂ ಕುಂದಲಿಲ್ಲ. ಕ್ಲಾಂಪಿನಲ್ಲಿ 0.02. ಎಸ್ ವೈರ್ ಬಿಚ್ಚಿದಾಗ 12.1, ಸಿಕ್ಕಿಸಿದಾಗ 5.3. ಬಿಚ್ಚಿದಾಗ 12 ಬರುತ್ತಿದೆ ಅಂದಮೇಲೆ ವೈರಿಂಗ್ ಸರಿ, ಸೊಲೆನಾಯ್ಡ್ ಹೋಗಿದೆ ಅಂತ ತಾನೇ ಅರ್ಥ?

12 ವೋಲ್ಟ್:

ಅಲ್ಲ. ತುಂಬಾ ಜನ ಮೋಟರ್ ಬದಲಾಯಿಸಿ ಕೈ ಸುಟ್ಟುಕೊಳ್ಳೋದು ಇಲ್ಲೇ. ಮೀಟರ್ ಹೆಚ್ಚುಕಡಿಮೆ ಕರೆಂಟೇ ಎಳೆಯಲ್ಲ. ತಂತಿಯ ಒಂದೇ ಒಂದು ಎಳೆ ತಾಗಿಕೊಂಡಿದ್ದರೂ ಅದು 12 ಅಂತಲೇ ತೋರಿಸುತ್ತೆ. ಸೊಲೆನಾಯ್ಡ್ ಎಳೆಯೋ ಕ್ಷಣಕ್ಕೆ 10 ಆಂಪಿಯರಿಗೂ ಮೇಲೆ ಬೇಕು. ಅಷ್ಟು ಹರಿಯೋಕೆ ಹೋದಾಗ ದಾರಿಯಲ್ಲಿರೋ ಕೆಟ್ಟ ಜಾಯಿಂಟ್ ವೋಲ್ಟೇಜನ್ನು ನುಂಗುತ್ತೆ. ನಿಮ್ಮಲ್ಲಿ ನುಂಗಿರೋದು 6.8 ವೋಲ್ಟ್. 10 ಆಂಪಿಯರ್ ಅಂತ ಹಿಡಿದರೂ ಅದು 68 ವ್ಯಾಟ್ ಶಾಖ, ಒಂದು ಹೆಡ್‌ಲೈಟ್ ಬಲ್ಬಿನಷ್ಟು, ಟೇಪ್ ಸುತ್ತಿರೋ ಗಂಟಿನೊಳಗೆ. ಮತ್ತೆ ಮತ್ತೆ ಕೀ ತಿರುಗಿಸಬೇಡಿ.

ಸೊಲೆನಾಯ್ಡೇ ಹೋಗಿದ್ದರೆ ಲೆಕ್ಕ ಬೇರೆ ಇರುತ್ತಿತ್ತು. ವೈರ್ ಸಿಕ್ಕಿಸಿದಾಗಲೂ ಎಸ್ ಟರ್ಮಿನಲ್‌ನಲ್ಲಿ 11ರ ಆಸುಪಾಸು ಇದ್ದು, ಜೋರಾಗಿ ಟಕ್ ಅಂತ ಬಡಿದು, ಮೋಟರ್ ಮಾತ್ರ ತಿರುಗದೇ ಇದ್ದಿದ್ದರೆ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ ಅನ್ನಬಹುದಿತ್ತು. ನಿಮ್ಮ ಸಣ್ಣ ಟಿಕ್, 5 ವೋಲ್ಟಿನಲ್ಲಿ ಪ್ಲಂಜರ್ (ಸೊಲೆನಾಯ್ಡ್ ಒಳಗಿನ ಜಾರೋ ಕಬ್ಬಿಣದ ತುಂಡು) ಅರ್ಧ ಅಲುಗಿ ನಿಲ್ಲೋ ಸದ್ದು.

ಖಾತ್ರಿ ಬೇಕಾದರೆ ಎಸ್ ವೈರ್ ಬಿಚ್ಚಿ, ಅದಕ್ಕೂ ಬಾಡಿಗೂ ನಡುವೆ ಹಳೇ 60/55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಹಾಕಿ ಕೀ ತಿರುಗಿಸಿ. 5 ಆಂಪಿಯರ್ ಎಳೆಯುತ್ತೆ. ಮಂಕಾಗಿ ಕೆಂಪಗೆ ಉರಿದರೆ ದೋಷ ವೈರಿನಲ್ಲೇ. ಆದರೆ ಈ ಬಲ್ಬನ್ನು ಇಸಿಯು ವೈರುಗಳಿಗೆ, ಏರ್‌ಬ್ಯಾಗ್ ಇರೋ ಗಾಡಿಯ ಹಳದಿ ಕನೆಕ್ಟರುಗಳಿಗೆ ಯಾವತ್ತೂ ತಾಗಿಸಬೇಡಿ.

ಈಗ ಕಿಟ್ ವಿಷಯ. ಎಂಜಿನ್ ಕಟ್ ಅಂದರೆ ಅಲಾರಂ ಆನ್ ಇದ್ದಾಗ ಗಾಡಿ ಸ್ಟಾರ್ಟ್ ಆಗದಂತೆ ತಡೆಯೋದು. ಅದಕ್ಕೆ ಬಹಳ ಸಲ ಕೀಯಿಂದ ಸೆಲ್ಫಿಗೆ ಹೋಗೋ ವೈರನ್ನು ಕತ್ತರಿಸಿ ನಡುವೆ ರಿಲೇ (ಕರೆಂಟಿನಿಂದ ನಡೆಯೋ ಸ್ವಿಚ್) ಕೂರಿಸುತ್ತಾರೆ. ಸಾಮಾನ್ಯವಾಗಿ ಒಂದು ತುದಿ ರಿಲೇಯ 30ನೇ ನಂಬರಿನ ಪಿನ್ನಿಗೆ, ಇನ್ನೊಂದು 87ಎ ಪಿನ್ನಿಗೆ. ಅಲಾರಂ ಆನ್ ಆದಾಗ 85, 86ರ ಮಧ್ಯದ ಕಾಯಿಲ್ ಎಳೆದು 87ಎ ಬಿಟ್ಟುಕೊಳ್ಳುತ್ತೆ. ಕಂಪನಿಯ ಅಖಂಡ ತಂತಿ ಇದ್ದ ಜಾಗದಲ್ಲಿ ಈಗ ಎರಡು ಕೈಗಂಟು, ಎರಡು ಲಗ್ಗು (ವೈರ್ ತುದಿಗೆ ಹಾಕೋ ಲೋಹದ ಕನೆಕ್ಟರ್), ಒಂದು ಕಾಂಟ್ಯಾಕ್ಟ್. ಕಿಟ್ ಜೊತೆ ಬರೋ ವೈರ್ ಬಹಳ ಸಲ ತೆಳ್ಳಗಿರುತ್ತೆ. ಮೊದಲ ದಿನ ನಡೆದು ಮಾರನೇ ದಿನ ಕೈಕೊಡೋದೂ ಗಂಟಿನ ಲಕ್ಷಣವೇ. ಕಾದು ಆರಿ ಎಳೆಗಳು ಸಡಿಲವಾಗುತ್ತವೆ, ಮೇಲ್ಮೈ ಕಪ್ಪಾಗುತ್ತೆ.

ಸ್ಟೀರಿಂಗ್ ಕವರ್ ಬಿಚ್ಚಿ ಆ ರಿಲೇ ಹುಡುಕಿ. ವೈರ್ ಬಣ್ಣ ನಂಬಬೇಡಿ, ಕೀ ಸ್ಟಾರ್ಟಿನಲ್ಲಿ ಮಾತ್ರ ಜೀವ ಬರೋ ವೈರ್ ಯಾವುದು ಅಂತ ನೋಡಿ. ಎಸ್ ವೈರ್ ವಾಪಸ್ ಸಿಕ್ಕಿಸಿ, ಮೀಟರಿನ ಕೆಂಪು ಕಡ್ಡಿ ಕೀ ಕಡೆಯ ಗಂಟಿನ ಹಿಂದೆ, ಕಪ್ಪು ಕಡ್ಡಿ ಅದೇ ಗಂಟಿನ ಮುಂದೆ ಇಟ್ಟು ಕೀ ತಿರುಗಿಸಿ. ಆಮೇಲೆ ರಿಲೇಯ 30ರಿಂದ 87ಎ, ಆಮೇಲೆ ಎರಡನೇ ಗಂಟು. ಯಾವುದರಲ್ಲಿ ವೋಲ್ಟ್ ಕಾಣಿಸಿತೋ ಅದೇ ಕಳ್ಳ.

ಮಲೆನಾಡ ಮಳೆ:

ಇದೇ ಹುಡುಕಾಟದಲ್ಲಿ ಬರೋ ಬೇರೆಯವರಿಗಾಗಿ ಒಂದು ಮಾತು. ಸೆಲ್ಫ್ ಚೆನ್ನಾಗಿ ಹೊಡೆದೂ ಎಂಜಿನ್ ಹತ್ತದಿದ್ದರೆ ದಾರಿ ಬೇರೆ. ಇಗ್ನಿಷನ್ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಪಂಪ್ ಎರಡು ಸೆಕೆಂಡ್ ಗುಂಯ್ ಅನ್ನಬೇಕು. ಅನ್ನದಿದ್ದರೆ ಫ್ಯೂಸ್, ಪಂಪ್ ರಿಲೇ ನೋಡಿ. ಕೀ ಗುರುತಿನ ಲೈಟ್ ಮಿಣುಕುತ್ತಿದ್ದರೆ ಇಮೊಬಿಲೈಸರ್ ಕೀಯನ್ನು ಗುರುತಿಸುತ್ತಿಲ್ಲ. ಇಗ್ನಿಷನ್ ಲಾಕಿನ ಸುತ್ತ ಉಂಗುರದಂಥ ಆಂಟೆನಾ ಕಾಯಿಲ್ ಇರುತ್ತೆ, ಕವರ್ ಬಿಚ್ಚುವಾಗ ಅದರ ಕನೆಕ್ಟರ್ ಕಳಚಿಕೊಳ್ಳೋದು ಸಾಮಾನ್ಯ. ಒತ್ತಿ ಕೂರಿಸಿದರೆ ಮುಗೀತು, ಇಸಿಯು ಬದಲಾಯಿಸೋ ಮಾತಿಗೆ ಹೋಗಬೇಡಿ. ಫ್ಯೂಸ್ ಹಾರಿದ್ದರೆ ಅದೇ ರೇಟಿಂಗಿನದ್ದೇ ಹಾಕಿ. 10 ಆಂಪಿಯರಿನದ್ದು ಕೆಂಪು, 15 ನೀಲಿ, 20 ಹಳದಿ, 30 ಹಸಿರು. 10 ಇದ್ದ ಕಡೆ 30 ಹಾಕಿದರೆ ಮುಂದಿನ ಸಲ ಹಾರೋದು ಫ್ಯೂಸ್ ಅಲ್ಲ, ವೈರ್ ಉರಿಯುತ್ತೆ.

ತುಂಗಾತೀರ:

ಸಿಕ್ಕಿತು. ಮೊದಲ ಗಂಟಿನಲ್ಲಿ 6.1, ರಿಲೇಯಲ್ಲಿ 0.4, ಎರಡನೇ ಗಂಟಿನಲ್ಲಿ 0.2. ಟೇಪ್ ಬಿಚ್ಚಿದರೆ ಅಂಟು ಕರಗಿ ಜಿನುಗಿತ್ತು, ಒಳಗೆ ನಾಲ್ಕೈದು ಎಳೆ ಮಾತ್ರ ಹಿಡಿದುಕೊಂಡಿದ್ದವು, ಉಳಿದವು ಕತ್ತರಿಸುವಾಗಲೇ ಹೋಗಿವೆ. ಸದ್ಯಕ್ಕೆ ರಿಲೇ ಬಿಟ್ಟು ಎರಡು ತುದಿ ನೇರ ಸೇರಿಸಿದೆ, ಒಂದೇ ಏಟಿಗೆ ಹೊಡೆಯಿತು. ಎಸ್ ಟರ್ಮಿನಲ್‌ನಲ್ಲಿ ಈಗ 11ರ ಮೇಲಿದೆ. ಕಾಯಂ ಆಗಿ ಹೇಗೆ ಮಾಡೋದು? ಎಂಜಿನ್ ಕಟ್ ಬೇಕು. ಅದನ್ನು ಪಂಪ್ ವೈರಿಗೆ ಹಾಕಿಕೊಡ್ತೀವಿ ಅಂತಿದ್ದಾರೆ ಅಂಗಡಿಯವರು.

12 ವೋಲ್ಟ್:

ಮೊದಲು ಬ್ಯಾಟರಿ ನೆಗೆಟಿವ್ ತೆಗೆಯಿರಿ. ಕಪ್ಪಾದ ಭಾಗ ಕತ್ತರಿಸಿ ಬಿಸಾಡಿ, ಹೊಳೆಯೋ ತಾಮ್ರ ಸಿಗೋವರೆಗೆ. ಕಡಿಮೆ ಬಿದ್ದಷ್ಟಕ್ಕೆ 2.5 ಚದರ ಮಿಲಿಮೀಟರ್ ವೈರ್ ಸೇರಿಸಿ. ಕ್ರಿಂಪ್ ಮಾಡೋ ತಾಮ್ರದ ಸ್ಲೀವ್, ಅದಕ್ಕೇ ಇರೋ ಇಕ್ಕಳದಲ್ಲಿ ಒತ್ತಿ, ಮೇಲೆ ಹೀಟ್‌ಶ್ರಿಂಕ್ (ಕಾಯಿಸಿದರೆ ಬಿಗಿಯಾಗೋ ಪ್ಲಾಸ್ಟಿಕ್ ಕೊಳವೆ). ಬೆಸುಗೆ ಹಾಕಿದರೂ ನಡೆಯುತ್ತೆ, ಆದರೆ ಬೆಸುಗೆ ಮುಗಿಯೋ ಅಂಚಿನಲ್ಲಿ ತಂತಿ ಗಡುಸಾಗಿ ಗಾಡಿಯ ಅದುರಾಟಕ್ಕೆ ತುಂಡಾಗುತ್ತೆ, ಅಲ್ಲಿ ಟೈ ಹಾಕಿ ಆಧಾರ ಕೊಡಿ. ವೈರಿನ ಮೇಲೆ ಒತ್ತಿ ಕಚ್ಚಿಸೋ ಪ್ಲಾಸ್ಟಿಕ್ ಕ್ಲಿಪ್ ಈ ಲೈನಿಗೆ ಬೇಡವೇ ಬೇಡ. ರಿಲೇ 0.4 ತಿನ್ನುತ್ತಿದೆ, ಅದನ್ನೂ ಬದಲಾಯಿಸಿ. 87ಎ ಕಾಂಟ್ಯಾಕ್ಟಿಗೆ 30 ಆಂಪಿಯರ್ ಇರೋದನ್ನೇ ಕೇಳಿ ತಗೊಳ್ಳಿ. ಎಷ್ಟೋ ರಿಲೇಗಳಲ್ಲಿ 87 ಅನ್ನೋ ಇನ್ನೊಂದು ಪಿನ್ನಿಗೆ 40 ಆಂಪಿಯರ್ ಅಂತಿದ್ದರೂ 87ಎ ಅದಕ್ಕಿಂತ ಕಡಿಮೆ ತಡೆಯುತ್ತೆ.

ಪಂಪ್ ವೈರಿಗೆ ಖಂಡಿತ ಬೇಡ. ಸೆಲ್ಫ್ ಲೈನಿನ ರಿಲೇ ಕೈಕೊಟ್ಟರೆ ನಿಂತ ಗಾಡಿ ಹತ್ತಲ್ಲ, ಅಷ್ಟೇ. ಪಂಪ್ ಲೈನಿನದ್ದು ಕೈಕೊಟ್ಟರೆ ಹೈವೇಯಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಎಂಜಿನ್ ಆಫ್ ಆಗುತ್ತೆ.