ಮಾವಶಿಯ ಬೇಬಿ ಸಿಟ್ಟಿಂಗ್ ಮುಚ್ಚಬಾರದು: ಭಾನುವಾರದ ಸಭೆಗೆ ಮೊದಲು ಎಲ್ಲರೂ ಓದಿ

2ನೇ ಅಡ್ಡರಸ್ತೆ, ಮೂಲೆ ಮನೆ:
ಎಲ್ಲರಿಗೂ ನಮಸ್ಕಾರ. ಕಾರವಾರದ ಹಬ್ಬುವಾಡದ ನಮ್ಮ ಬಡಾವಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಮಾವಶಿ (ಚಿಕ್ಕಮ್ಮ) ಮುಂದಿನ ತಿಂಗಳಿಂದ ನಿಲ್ಲಿಸುತ್ತೇನೆ ಎಂದಿದ್ದಾರೆ. ಮನೆ ಬಾಡಿಗೆ 9,000ದಿಂದ 12,000ಕ್ಕೆ ಏರುತ್ತಿದೆ. ನಿನ್ನೆ ಅವರ ಜೊತೆ ಕೂತು ಲೆಕ್ಕದ ಪುಸ್ತಕ ನೋಡಿದೆ. ಅವರನ್ನು ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ.

12 ಮಕ್ಕಳು, ತಲಾ 2,500. ತಿಂಗಳಿಗೆ 30,000 ಬರುತ್ತದೆ. ಅದರಲ್ಲಿ ಬಾಡಿಗೆ 9,000, ಸಹಾಯಕಿಗೆ 9,000. ಹಾಲು, ರಾಗಿ, ಅಕ್ಕಿ, ಬಾಳೆಹಣ್ಣು, ಗ್ಯಾಸ್, ಕರೆಂಟ್, ಫಿನಾಯಿಲ್ ಸೇರಿ 5,500. ಮಾವಶಿ ಕೈಗೆ ಉಳಿಯುವುದು 6,500. ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ, ತಿಂಗಳಿಗೆ 26 ದಿನ ದುಡಿದರೆ ಗಂಟೆಗೆ 25 ರೂಪಾಯಿ. ಸಹಾಯಕಿಗೆ ಕೊಡುವುದಕ್ಕಿಂತ ಕಡಿಮೆ. ಹೊಸ ಬಾಡಿಗೆ ಬಂದರೆ 3,500 ಉಳಿಯುತ್ತದೆ. ಅದೂ ಎಲ್ಲರೂ ಫೀಸು ಕೊಟ್ಟರೆ. ಮೇ ತಿಂಗಳಲ್ಲಿ ಟೀಚರ್‌ಗಳ ಮಕ್ಕಳು ಬರುವುದಿಲ್ಲ, ಫೀಸೂ ಬರುವುದಿಲ್ಲ. ಬಾಡಿಗೆ ಮಾತ್ರ ಕೊಡಲೇಬೇಕು.

ನಾವು ಇಷ್ಟು ವರ್ಷ ಕಡಿಮೆ ದುಡ್ಡಿಗೆ ಮಕ್ಕಳನ್ನು ಬಿಟ್ಟು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಿದ್ದೇವೆ. ಆ ಕಡಿಮೆ ದುಡ್ಡಿನ ಭಾರ ಹೊತ್ತಿದ್ದು ಮಾವಶಿ ಒಬ್ಬರೇ. ಇನ್ನು ಅದು ಅವರ ಕೈಲಿ ಆಗುವುದಿಲ್ಲ. ನಾವು ಹಾಗೆ ಕೇಳಲೂ ಬಾರದು.

3ನೇ ಅಡ್ಡರಸ್ತೆ, ನರ್ಸ್:
ಓದಿ ತುಂಬಾ ಬೇಜಾರಾಯಿತು ಅಕ್ಕ. ನನ್ನ 26 ವಾರದ ಹೆರಿಗೆ ರಜೆ ಮುಗಿದಾಗ ಮಗಳಿಗೆ ಆರು ತಿಂಗಳು. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ನಡುವಿನ ಎರಡೂವರೆ ವರ್ಷ ಮಗುವನ್ನು ಎಲ್ಲಿ ಬಿಡಬೇಕು? ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಮಾಡಿದ ತಿದ್ದುಪಡಿಯಿಂದ 50 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರು ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತಾಯಿತು. ನಮ್ಮ ನರ್ಸಿಂಗ್ ಹೋಮ್‌ನಲ್ಲಿ ಅಷ್ಟು ಜನ ಇಲ್ಲ. ಅಂಗಡಿ, ಲಾಡ್ಜ್, ಕ್ಲಿನಿಕ್‌ಗಳಲ್ಲಿ ದುಡಿಯುವವರದ್ದೂ ಇದೇ ಪಾಡು. ನನ್ನ ಸಂಬಳ 16,000. ಮಾವಶಿ ನಿಲ್ಲಿಸಿದರೆ ನಾನು ಕೆಲಸ ಬಿಡಬೇಕಾಗುತ್ತದೆ. ನಾನು 3,000 ಕೊಡಲು ತಯಾರಿದ್ದೇನೆ.

4ನೇ ಅಡ್ಡರಸ್ತೆ, ಬಾಡಿಗೆ ಮನೆ:
ಅಕ್ಕ, ಇನ್ನೂ ಎಂಟು ಮಕ್ಕಳನ್ನು ಸೇರಿಸಿಕೊಂಡರೆ ಆಗುವುದಿಲ್ವಾ? ಸರ್ಕಾರದ ಕೂಸಿನ ಮನೆಯೂ ಇದೆಯಲ್ಲ?

2ನೇ ಅಡ್ಡರಸ್ತೆ, ಮೂಲೆ ಮನೆ:
ಕೂಸಿನ ಮನೆ ಗ್ರಾಮ ಪಂಚಾಯಿತಿಗಳಲ್ಲಿದೆ ತಮ್ಮಾ, ನರೇಗಾ ಕೆಲಸಕ್ಕೆ ಹೋಗುವವರ ಮಕ್ಕಳಿಗಾಗಿ ಮಾಡಿದ್ದು. ನಮ್ಮದು ನಗರಸಭೆ.

ಮಕ್ಕಳನ್ನು ಹೆಚ್ಚಿಸುವ ಮಾತಿಗೆ ಒಂದು ದಿನದ ಕಥೆ ಹೇಳುತ್ತೇನೆ. ಜುಲೈನಲ್ಲಿ ಜೋರು ಮಳೆ ಬಂದು ಡಿಸಿ ಶಾಲೆಗೆ, ಅಂಗನವಾಡಿಗೆ ರಜೆ ಕೊಟ್ಟರು. ನಮಗೆ ಯಾರಿಗೂ ರಜೆ ಇರಲಿಲ್ಲ. ಕೂಸುಗಳ ಅಣ್ಣ, ಅಕ್ಕಂದಿರೂ ಮಾವಶಿ ಮನೆಗೇ ಬಂದರು. ಪಡಸಾಲೆ ತುಂಬಾ ಒದ್ದೆ ರೇನ್‌ಕೋಟ್. ಮಾವಶಿ ಒಂದು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಇನ್ನೊಂದು ಕೈಯಲ್ಲಿ ರಾಗಿ ಮಣ್ಣಿ ತಿರುವುತ್ತಿದ್ದರು. ತಳ ಹಿಡಿಯಬಾರದು ಅಂತ ಕೈ ಬಿಡುವ ಹಾಗಿಲ್ಲ. ಅಷ್ಟರಲ್ಲಿ ಮತ್ತೊಂದು ಮಗು ಬಾಗಿಲ ಹತ್ತಿರ ಅಂಬೆಗಾಲಿಟ್ಟು ಹೋಗುತ್ತಿತ್ತು. ಸಹಾಯಕಿ ಅಮದಳ್ಳಿಯಿಂದ ಬರಬೇಕು, ಬಸ್ ತಡವಾಗಿತ್ತು. ಯಾವ ಮಿಷನ್ ತಂದರೂ ಈ ಕೆಲಸ ಬೇಗ ಮುಗಿಯುವುದಿಲ್ಲ. ಮಕ್ಕಳು ಹೆಚ್ಚಾದರೆ ಕೈಗಳೂ ಹೆಚ್ಚಬೇಕು. ಕೈ ಹೆಚ್ಚಿದರೆ ಸಂಬಳವೂ ಹೆಚ್ಚುತ್ತದೆ.

1ನೇ ಅಡ್ಡರಸ್ತೆ, ನಿವೃತ್ತ ಮೇಷ್ಟ್ರು:
ಮಾವಶಿಗೆ ನಮ್ಮ ಬಡಾವಣೆ ಸಂಘದ ಕೋಣೆ ಕೊಡಿ ಅಂತ ಕೆಲವರು ಫೋನ್ ಮಾಡಿದ್ದರು. ಗಣಪತಿ ಹಬ್ಬ ಬಿಟ್ಟರೆ ಅದು ಖಾಲಿಯೇ, ನಿಜ. ಆದರೆ ಹಿಂದೆ ಬಾವಿ ಇದೆ, ಕಟ್ಟೆ ತಗ್ಗು. ನಾಳೆ ಮಗುವಿಗೆ ಏನಾದರೂ ಆದರೆ ಯಾರು ಹೊಣೆ? ಮೊದಲೆಲ್ಲ ಮನೆಯಲ್ಲಿ ಅಜ್ಜಿಯರೇ ನೋಡಿಕೊಳ್ಳುತ್ತಿದ್ದರು.

ಕೊನೆ ಓಣಿ, ಮೀನು ಮಾರುವಾಕೆ:
ಮಗ ಟೈಪ್ ಮಾಡಿಕೊಡುತ್ತಿದ್ದಾನೆ. ಮೇಷ್ಟ್ರೇ, ಆ ಅಜ್ಜಿ ನಾನೇ. ಬೆಳಗಾಗುವ ಮೊದಲು ಬೈತಖೋಲ ಬಂದರಿಗೆ ಹೋಗುತ್ತೇನೆ. ಬುಟ್ಟಿ ಖಾಲಿಯಾದ ಮೇಲೇ ಮನೆ. ಸೊಸೆ ಬಟ್ಟೆ ಅಂಗಡಿಯಲ್ಲಿ ಇದ್ದಾಳೆ. ಜೂನ್, ಜುಲೈನಲ್ಲಿ ಬೋಟು ಬಂದ್. ಆಗ ನಮ್ಮ ಕೈಯಲ್ಲಿ ದುಡ್ಡು ಓಡುವುದಿಲ್ಲ. ಫೀಸು ಎಲ್ಲರಿಗೂ 3,000 ಮಾಡಿದರೆ ಮೊಮ್ಮಗನನ್ನು ಬಿಡಿಸಬೇಕಾಗುತ್ತದೆ. 2,000 ಆದರೆ ತಪ್ಪದೆ ಕೊಡುತ್ತೇವೆ.

3ನೇ ಅಡ್ಡರಸ್ತೆ, ಅಂಗನವಾಡಿ ಅಕ್ಕೋರು:
ನಮಗೆ ಸರ್ಕಾರ ಕೊಡುವುದಕ್ಕೂ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. 1975ರಲ್ಲಿ ಶುರುವಾದ ಯೋಜನೆ ಇದು. ನಮ್ಮಂಥವರಿಗೆ ಗ್ರ್ಯಾಚುಟಿ ಸಿಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ಮಕ್ಕಳನ್ನು ನೋಡಿಕೊಳ್ಳುವುದನ್ನು ಕೆಲಸ ಅಂತ ಒಪ್ಪಿಸಲು ಅಷ್ಟು ವರ್ಷ ಬೇಕಾಯಿತು. ಮಾವಶಿಗೆ ಹಾಗೆ ಆಗಬಾರದು.

ಇನ್ನೊಂದು ದಾರಿಯೂ ಇದೆ. ಕೇಂದ್ರದ ‘ಪಾಲನಾ’ ಯೋಜನೆಯಲ್ಲಿ ಅಂಗನವಾಡಿಯ ಜೊತೆಗೇ ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ನಡೆಸಬಹುದು. ಖರ್ಚಿನಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಮನವಿ ಕೊಡೋಣ. ಆದರೆ ಅದು ಮುಂದಿನ ತಿಂಗಳೇ ಆಗುವ ಕೆಲಸ ಅಲ್ಲ.

2ನೇ ಅಡ್ಡರಸ್ತೆ, ಮೂಲೆ ಮನೆ:
ಮೇಷ್ಟ್ರು ಬಾವಿಯ ಬಗ್ಗೆ ಹೇಳಿದ್ದು ಸರಿ. ಬಾವಿಗೆ ಕಬ್ಬಿಣದ ಜಾಲರಿ, ಹಿಂದಿನ ಬಾಗಿಲಿಗೆ ಮೇಲೊಂದು ಚಿಲಕ ಆಗುವವರೆಗೆ ಒಂದು ಮಗುವೂ ಅಲ್ಲಿಗೆ ಹೋಗುವುದು ಬೇಡ. 4ನೇ ಅಡ್ಡರಸ್ತೆಯ ವೆಲ್ಡಿಂಗ್ ಅಣ್ಣ ಕೂಲಿ ಬೇಡ, ಸಾಮಾನಿನ ದುಡ್ಡು ಕೊಟ್ಟರೆ ಸಾಕು ಎಂದಿದ್ದಾರೆ.

ನನ್ನ ಲೆಕ್ಕ ಹೀಗಿದೆ. ಸಂಘದ ಕೋಣೆಗೆ ತಿಂಗಳಿಗೆ 2,000 ಬಾಡಿಗೆ. ಎಂಟು ಮನೆಯವರು 3,000 ಕೊಡುವುದು, ನಾಲ್ಕು ಮನೆಯವರು 2,000. ಒಟ್ಟು 32,000. ಸಹಾಯಕಿಗೆ 10,000, ಸಾಮಾನಿಗೆ ಅದೇ 5,500. ಮಾವಶಿಗೆ 14,500 ಉಳಿಯುತ್ತದೆ. ಅವರ ಕೆಲಸಕ್ಕೆ ಇದೂ ಕಡಿಮೆಯೇ, ಆದರೆ ನಡೆಸಿಕೊಂಡು ಹೋಗಬಹುದು ಎಂದಿದ್ದಾರೆ. ಮಗು ರಜೆ ಹಾಕಿದರೂ ಪೂರ್ತಿ ಫೀಸು ಕೊಡಬೇಕು. ಇದನ್ನು ದಯವಿಟ್ಟು ಎಲ್ಲರೂ ಒಪ್ಪಿಕೊಳ್ಳಿ. ಯಾರು 2,000 ಕೊಡುತ್ತಾರೆ ಎನ್ನುವುದು ಮಾವಶಿಗೂ ಖಜಾಂಚಿಗೂ ಮಾತ್ರ ಗೊತ್ತಿರಲಿ.

1ನೇ ಅಡ್ಡರಸ್ತೆ, ನಿವೃತ್ತ ಮೇಷ್ಟ್ರು:
ಜಾಲರಿ ಮೊದಲು ಆಗುವುದಾದರೆ ನನ್ನ ತಕರಾರಿಲ್ಲ. ಮನವಿಯನ್ನು ನಾನು ಬರೆಯುತ್ತೇನೆ. ಭಾನುವಾರ ನಾಲ್ಕು ಗಂಟೆಗೆ ಕೋಣೆಯ ಬೀಗ ತೆಗೆದಿರುತ್ತೇನೆ. ಸಹಿ ಹಾಕುವವರು ಮಗುವಿನ ವಯಸ್ಸು, ತಮ್ಮ ಕೆಲಸದ ಸಮಯ ಬರೆದುಕೊಂಡು ಬನ್ನಿ.